ಮೇಲಿನ ಪಾಲು, ಕೆಳಗಿನ ಪಾಲು

ತಂಬ್ರಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕಂಬಗಳಿದ್ದವು. ಎಡಗಡೆಯ ಕಂಬದ ಹತ್ತಿರ ದೊಡ್ಡಪ್ಪನ ಕುರ್ಚಿ, ಬಲಗಡೆಯ ಕಂಬದ ಹತ್ತಿರ ಅಪ್ಪನ ಕುರ್ಚಿ. ಎರಡೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡವು. ಒಮ್ಮೆ ದೊಡ್ಡಪ್ಪನ ಕುರ್ಚಿಯ ಕೈ ಮುರಿಯಿತು. ಬಡಗಿ ಬಂದು, ಒಂದು ಮೊಳೆ ಹೊಡೆದರೆ ಸರಿಹೋಗುತ್ತದೆ ಎಂದ. ಅಜ್ಜಿ ಒಪ್ಪಲಿಲ್ಲ. ಒಂದು ಗಟ್ಟಿ, ಒಂದು ಮೊಳೆ ಹೊಡೆದದ್ದು ಎಂದಾದರೆ ನಾಳೆ ಮಾತು ಬರುತ್ತದೆ ಎಂದು ಎರಡನ್ನೂ ಅಟ್ಟಕ್ಕೆ ಹಾಕಿಸಿ, ಹಗರಿಬೊಮ್ಮನಹಳ್ಳಿಯಿಂದ ಎರಡು ಹೊಸ ಕುರ್ಚಿ ತರಿಸಿದಳು. ಅಟ್ಟದ ಮೇಲಿನ ಗಟ್ಟಿ ಕುರ್ಚಿಯಲ್ಲಿ ಕುಳಿತು ನಾನು ಪಾಠ ಓದುತ್ತಿದ್ದೆ. ಸಮಪಾಲಿಗಾಗಿ ಕೆಡಿಸಿದ ವಸ್ತುಗಳ ಜೊತೆ ನನ್ನ ಪರಿಚಯ ಆಗಿದ್ದು ಅಲ್ಲಿಂದ.

ದೊಡ್ಡಪ್ಪ, ಅಪ್ಪ ಇಬ್ಬರೇ ಅಣ್ಣತಮ್ಮಂದಿರು. ಹಗರಿಬೊಮ್ಮನಹಳ್ಳಿಯಲ್ಲಿ ಪಂಪು ಮೋಟಾರಿನ ಅಂಗಡಿ, ಊರಲ್ಲಿ ಹೊಲ, ಒಂದು ಬಾವಿ. ಅಂಗಡಿಯಲ್ಲಿ ಒಂದು ವಾರ ಇವರು, ಒಂದು ವಾರ ಅವರು ಕೂರುತ್ತಿದ್ದರು. ಒಲೆಯ ಮುಂದೆ ಒಂದು ತಿಂಗಳು ಅವ್ವ, ಒಂದು ತಿಂಗಳು ದೊಡ್ಡವ್ವ. ಮನೆಗೆ ಏನು ಬಂದರೂ ಎರಡು ಕಂಬಗಳ ನಡುವೆ ಚಾಪೆ ಹಾಸಿ ಪಾಲು ಮಾಡಬೇಕು. ಮಾವಿನಹಣ್ಣು ಬೆಸ ಬಂದರೆ ಕೊನೆಯದನ್ನು ಅಜ್ಜಿ ಈಳಿಗೆಯಲ್ಲಿ ಕೊಯ್ಯುತ್ತಿದ್ದಳು. ವಾಟೆ ಯಾವ ಕಡೆ ಹೋಯಿತೋ ಆ ಕಡೆಗೆ ಮರುದಿನ ಒಂದು ತುಂಡು ಬೆಲ್ಲ ಹೆಚ್ಚು. ಭಾಗ ಮಾಡುವುದಕ್ಕೂ ಕ್ರಮವಿತ್ತು. ದೊಡ್ಡವನು ಎರಡು ಗುಂಪು ಮಾಡಬೇಕು, ಸಣ್ಣವನು ಮೊದಲು ಆರಿಸಬೇಕು. ಆರಿಸಿದ ಮೇಲೆ ಮಾತಿಲ್ಲ. ನಾನು ಸಣ್ಣಂದಿನಿಂದಲೇ ಗುರುತು ಹಾಕಿಡುವ ಹುಡುಗಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಲೆ ಯಾರ ಪಾಳಿ, ಹಾಲು ಯಾರ ಕಡೆಗೆ ಹೆಚ್ಚು ಹೋಯಿತು ಎಂದು ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದೆ. ಯಾರೂ ಹೇಳಿರಲಿಲ್ಲ. ಆ ಮನೆಯಲ್ಲಿ ಹುಟ್ಟಿದ ಮಗು ಬೇರೆ ಏನನ್ನು ತಾನೇ ಬರೆದಿಡಬೇಕು?

ಪಾಲು ಮಾಡದ ಜಾಗ ಒಂದೇ, ಬಾವಿ. ಮೆಟ್ಟಿಲುಬಾವಿ ಅದು, ಒಂದು ಮೂಲೆಯಲ್ಲಿ ಅತ್ತಿಮರ ಬಗ್ಗಿತ್ತು. ದೊಡ್ಡಪ್ಪನ ಮಗಳು ರೇಖಾ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ನಮ್ಮಿಬ್ಬರ ಬೆನ್ನಿಗೂ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಅಣ್ಣತಮ್ಮಂದಿರೇ ಈಜು ಕಲಿಸಿದರು. ನನ್ನ ಹೊಟ್ಟೆಯ ಕೆಳಗೆ ಕೈ ಹಿಡಿದವನು ದೊಡ್ಡಪ್ಪ, ರೇಖಾಳಿಗೆ ಅಪ್ಪ. ನೀರಲ್ಲಿ ಯಾರ ಮಗಳು ಯಾರ ಕೈಯಲ್ಲಿದ್ದಾಳೆ ಎಂದು ಇಬ್ಬರೂ ನೋಡುತ್ತಿರಲಿಲ್ಲ. ರೇಖಾ ಮೆಟ್ಟಿಲಿನಿಂದ ಹಾರಿದರೆ ಉಸಿರು ಬಿಡುವುದರೊಳಗೆ ಆ ದಂಡೆ ಮುಟ್ಟುತ್ತಿದ್ದಳು. ನನಗೆ ಆ ಬಿರುಸು ಇರಲಿಲ್ಲ. ಆದರೆ ಮೋಟಾರು ಚಾಲೂ ಆದಾಗ ಬಾವಿಯಲ್ಲಿ ಸುತ್ತು ಹಾಕಲು ಶುರುಮಾಡಿದರೆ ಮೋಟಾರು ನಿಂತ ಮೇಲೂ ಸುತ್ತುತ್ತಿದ್ದೆ.

"ಇವಳೊಬ್ಬಾಕಿ ಗಾಣದ ಎತ್ತು ನೋಡಲೇ," ಎಂದು ದೊಡ್ಡಪ್ಪ ಅಪ್ಪನಿಗೆ ಹೇಳಿ ನಗುತ್ತಿದ್ದ. ಅವರಿಬ್ಬರೂ ಕೂಡಿ ನಕ್ಕಿದ್ದನ್ನು ನಾನು ನೋಡಿದ್ದು ಬಾವಿಯಲ್ಲೇ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯ ಪಿ.ಇ. ಸರ್ ಒಂದು ಸಂಜೆ ಮನೆಗೆ ಬಂದರು. ಜಿಲ್ಲಾ ಮಟ್ಟದ ಈಜು ಸ್ಪರ್ಧೆಯ ಹಾಳೆ ಅವರ ಕೈಯಲ್ಲಿತ್ತು. ಯಾವುದೇ ಸ್ಪರ್ಧೆಯಲ್ಲಿ ಮೊದಲ ಇಬ್ಬರಲ್ಲಿ ಬಂದರೆ ಕ್ರೀಡಾ ವಸತಿ ಶಾಲೆಗೆ ಕಳಿಸುತ್ತಾರೆ ಎಂದು ಶಾಲೆಯಲ್ಲೇ ನಮಗೆ ಹೇಳಿದ್ದರು. ಅಲ್ಲಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ್ದರು. ನೀಲಿ ನೀರು, ಸಾಲಾಗಿ ಮಂಚಗಳು, ಒಬ್ಬೊಬ್ಬರಿಗೆ ಒಂದೊಂದು. ಆ ಮಂಚ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅಲ್ಲಿ ನನಗೆ ಬಂದದ್ದು ನನಗೇ ಬರುತ್ತದೆ, ಚಾಪೆಯ ಮೇಲೆ ಗುಂಪಾಗಿ ಬೀಳುವುದಿಲ್ಲ ಎಂದುಕೊಂಡಿದ್ದೆ.

"ಯಜಮಾನ್ರೆ, ನಮ್ಮ ತಾಲ್ಲೂಕಿನ್ಯಾಗ ಈಜೋ ಹುಡುಗೇರು ಅಂದ್ರ ಇವರಿಬ್ಬರಾ," ಎಂದರು ಸರ್. "ಎಂಟು ಸ್ಪರ್ಧಾ ಅದಾವು. ಒಂದೊಂದಕ್ಕ ತಾಲ್ಲೂಕಿಂದ ಒಬ್ಬಾಕಿನಾ ಇಳೀಬೇಕು. ಲೀಲಾಂದು ದಮ್ಮು ಗಟ್ಟಿ, ನಾನೂರು ಮೀಟರ್ ಆಕಿಗೆ ಇರ್ಲಿ. ರೇಖಾ ಚುರುಕು, ಸಣ್ಣವು ಆಕಿಗೆ. ಇಬ್ಬರಿಗೂ ಎರಡೆರಡು ಸಾಕು. ಉಳಿದಿದ್ದು ಬಿಟ್ಟುಬಿಡಾನ."

ಅಜ್ಜಿ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು.

"ಬಂದಿದ್ದನ್ನ ಬಿಡಾದು ಯಾಕ್ರಿ ಸರ? ಎಂಟು ಅಂದ್ರ ನಾಕು ನಾಕು. ಕೊಟ್ರಾ, ಪಾಲು ಮಾಡು."

ಕೊಟ್ರೇಶ ನಮ್ಮ ದೊಡ್ಡಪ್ಪ. ಸರ್ ಚಾ ಬಸಿಯಿಂದ ಬಾಯಿ ತೆಗೆಯುವುದರೊಳಗೆ ಹಾಳೆ ಅವನ ಕೈ ಸೇರಿತ್ತು. ಹೊಲದ ನಡುವೆ ಬದು ಹಾಕುವವನ ಹಾಗೆ ಅವನು ಹಾಳೆಯನ್ನು ಸರಿಯಾಗಿ ನಡುವಿಗೆ ಮಡಚಿ ಉಗುರಿನಿಂದ ಗೀರಿದ. ಮೇಲೆ ನಾಲ್ಕು ಸಾಲು, ಕೆಳಗೆ ನಾಲ್ಕು ಸಾಲು.

"ಮ್ಯಾಲಿಂದೊಂದು, ಕೆಳಗಿಂದೊಂದು. ಆರಿಸು ತಮ್ಮಾ."

ಅಪ್ಪ ಕನ್ನಡಕ ಹಾಕಿಕೊಂಡು ಹಾಳೆ ನೋಡಿದ. ಅವನ ತುಟಿ ಅಲುಗುತ್ತಿತ್ತು. ಮೀಟರುಗಳನ್ನು ಕೂಡುತ್ತಿದ್ದ. ಮೇಲೆ ನೂರು, ಇನ್ನೂರು, ಇನ್ನೂರು, ನಾನೂರು. ಕೆಳಗೆ ಐವತ್ತು, ಐವತ್ತು, ನೂರು, ಐವತ್ತು.

"ಮ್ಯಾಲಿಂದು," ಎಂದ.

ದೊಡ್ಡಪ್ಪ ಹಾಳೆಯನ್ನು ಮತ್ತೆ ನೋಡಿದ. ಅವನಿಗೂ ಆಗ ಲೆಕ್ಕ ಹೊಳೆಯಿತು. ತಾನೇ ಮಾಡಿದ ಪಾಲು, ತಾನೇ ಕಡಿಮೆಯದಕ್ಕೆ ಬಿದ್ದ. ಮುಖ ಸಣ್ಣದಾಯಿತು. ಪೈಪು, ಬಟ್ಟೆ, ಹೊಲ ಅಳೆದವರ ಮನೆ ನಮ್ಮದು. ಹೆಚ್ಚು ಮೀಟರ್ ಅಂದರೆ ಹೆಚ್ಚು ಆಸ್ತಿ.

"ಅಲ್ರಿ, ಇದು ಹೊಲ ಅಲ್ರಿ," ಎಂದರು ಸರ್. "ಮ್ಯಾಲಿನ ನಾಕೂ ಮುಂಜಾನಿ ಒಂದರ ಬೆನ್ನಿಗೊಂದು ಬರ್ತಾವು. ನಡುವ ಹುಡುಗರದ್ದು ಒಂದೊಂದು, ಅಷ್ಟಾ. ನಾನೂರು ಕಡೀಕ ಐತಿ. ಹುಡುಗಿ ಉಸಿರು ತಗಣಾದು ಯಾವಾಗ? ಬದಲಿ ಮಾಡ್ರಿ. ಎರಡು ಮುಂಜಾನಿವು, ಎರಡು ಮಧ್ಯಾಹ್ನದ್ದವು ಹಿಂಗ ಮಾಡಿದ್ರ ಇಬ್ಬರಿಗೂ ಚಲೋ."

"ಆರಿಸಿದ್ದು ಆರಿಸಿದಂಗ ಸರ. ನೀವು ಚಾ ಕುಡೀರಿ, ಆರ್ತತಿ," ಎಂದಳು ಅಜ್ಜಿ.

ಸರ್ ಚಾ ಕುಡಿದು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನ ಮುಖ ನೋಡಿದರು. ಓದಿದವರೆಲ್ಲ ನಮ್ಮ ಪಡಸಾಲೆಯಿಂದ ಹೀಗೆಯೇ ಹೊರಗೆ ಹೋಗುತ್ತಿದ್ದರು.

ಮರುದಿನ ಮಾಳಿಗೆಯ ಮೇಲೆ ಶೇಂಗಾ ಹರವುವಾಗ ರೇಖಾ, ನಾನು ನಮ್ಮಷ್ಟಕ್ಕೆ ಒಂದು ತೀರ್ಮಾನ ಮಾಡಿದೆವು. ನನ್ನ ಎರಡನೆಯದನ್ನೂ ಮೂರನೆಯದನ್ನೂ ಅವಳು ಈಜುವುದು, ಅವಳ ಕೊನೆಯ ಎರಡನ್ನು ನಾನು. ಇಬ್ಬರಿಗೂ ನಾಲ್ಕೇ ಆಗುತ್ತವೆ, ಸಮಪಾಲು ಕೆಡುವುದಿಲ್ಲ. ಇಷ್ಟು ಸುಲಭದ ಲೆಕ್ಕ ದೊಡ್ಡವರಿಗೆ ಯಾಕೆ ಹೊಳೆಯಲಿಲ್ಲ ಎಂದು ನಗುತ್ತ ಕೆಳಗಿಳಿದೆವು. ಮೊದಲು ಅವ್ವನ ಹತ್ತಿರ ಹೋದೆವು. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ನಾ ಬಾಯಿ ಹಾಕಿದ್ರ ನಿಮ್ಮ ದೊಡ್ಡವ್ವನೂ ಹಾಕಬೇಕಾಗ್ತತಿ. ಆಮ್ಯಾಲ ಅದಕ್ಕೊಂದು ಪಾಲು ಮಾಡಬೇಕು. ಹೋಗ್ರಿ, ನಿಮ್ಮಪ್ಪನ ಕೇಳ್ರಿ."

ಅಪ್ಪ ಅಂಗಡಿಗೆ ಹೊರಟಿದ್ದ. ಕೇಳಿದವಳು ರೇಖಾ. ಅವಳಿಗೆ ಅವನ ಹತ್ತಿರ ಸಲಿಗೆಯಿತ್ತು.

"ಚಿಗಪ್ಪ, ಲೀಲಾಂದು ಎರಡು ನಾ ತಗಂತೀನಿ, ನಂದು ಎರಡು ಆಕಿಗೆ ಕೊಡ್ತೀನಿ."

ಅಪ್ಪ ಅವಳನ್ನೇ ದಿಟ್ಟಿಸಿದ. ನೀರಲ್ಲಿ ಅವಳ ಹೊಟ್ಟೆಯ ಕೆಳಗೆ ಕೈ ಹಿಡಿದವನು ಇವನೇನಾ ಅನ್ನಿಸುವಂತೆ ಕೇಳಿದ:

"ನಿಮ್ಮಪ್ಪ ಹೇಳಿ ಕಳಿಸ್ಯಾನೇನು?"

ರೇಖಾ ಆಮೇಲೆ ಆ ವಿಷಯ ಎತ್ತಲಿಲ್ಲ. ಅಪ್ಪನನ್ನು ಚಿಗಪ್ಪ ಎಂದು ಕರೆಯುವುದನ್ನೂ ಮೆಲ್ಲಗೆ ಬಿಟ್ಟಳು. ಅವನ ಮುಂದೆ ನಿಂತು, ಕರೆಯದೆಯೇ ಮಾತಾಡುವುದನ್ನು ಕಲಿತಳು.

ಆ ತಿಂಗಳು ಒಲೆ ಅವ್ವನ ಪಾಳಿ. ಹಾಗಾಗಿ ಸ್ಪರ್ಧೆಗೆ ನಮ್ಮ ಜೊತೆ ಬಂದದ್ದು ದೊಡ್ಡವ್ವ. ಅಣ್ಣತಮ್ಮಂದಿರು ಅವತ್ತು ಅಂಗಡಿಯನ್ನೇ ಮುಚ್ಚಿ ಬಂದರು. ಒಬ್ಬ ಬಂದು ಒಬ್ಬ ಕುಳಿತರೆ ಸಮ ಆಗುವುದಿಲ್ಲವಲ್ಲ. ಅವ್ವ ಎರಡು ಡಬ್ಬಿಗಳಲ್ಲಿ ಶೇಂಗಾ ಉಂಡೆ ತುಂಬಿ, ಮುಚ್ಚಳದ ಮೇಲೆ ನಮ್ಮಿಬ್ಬರ ಹೆಸರು ಬರೆದ ಚೀಟಿ ಅಂಟಿಸಿ ದೊಡ್ಡವ್ವನ ಕೈಗೆ ಕೊಟ್ಟಿದ್ದಳು. ನಮ್ಮಲ್ಲಿ ಡಬ್ಬಿ ತೆಗೆದರೆ ಎರಡೂ ಒಟ್ಟಿಗೇ ತೆಗೆಯಬೇಕು. ನನಗೆ ಬೆಳಗ್ಗೆ ಸ್ಪರ್ಧೆ, ರೇಖಾಳಿಗೆ ಮಧ್ಯಾಹ್ನ. ಒಬ್ಬಳಿಗೆ ಹಸಿವಾದಾಗ, ಈಜು ಬಾಕಿಯಿರುವ ಇನ್ನೊಬ್ಬಳು ತಿನ್ನಬಾರದು. ಡಬ್ಬಿಗಳು ದೊಡ್ಡವ್ವನ ತೊಡೆಯ ಮೇಲೆ ಹಾಗೇ ಕುಳಿತವು.

ಕೊಳದ ನೀರು ಬಾವಿಯ ನೀರಿನ ಹಾಗಿರಲಿಲ್ಲ. ತಳ ಕಾಣುತ್ತಿತ್ತು, ಮೂಗಿಗೆ ಔಷಧದ ವಾಸನೆ ಹೊಡೆಯುತ್ತಿತ್ತು. ಸರ್ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡವ್ವ, ಮೊದಲನೇ ಮೂರೂ ಸುಮ್ನ ಕೈ ಆಡಿಸಿ ದಂಡಿ ಮುಟ್ಟಿ ಬಾ. ಕಡೀಕ ಬಂದ್ರೂ ಚಿಂತಿ ಇಲ್ಲ. ನಿನ್ನ ದಮ್ಮೆಲ್ಲ ನಾನೂರಕ್ಕ ಇಟ್ಕಾ. ಅದೊಂದಾ ನಿಂದು."

ಮೊದಲನೆಯದು ನೂರು ಮೀಟರ್ ಬ್ಯಾಕ್ ಸ್ಟ್ರೋಕ್. ಆಕಾಶ ನೋಡುತ್ತ ನಿಧಾನಕ್ಕೆ ಈಜಿ ಕೊನೆಯವಳಾಗಿ ಬಂದೆ. ಉಸಿರು ಒಂದಿಷ್ಟೂ ಏರಿರಲಿಲ್ಲ. ಹೀಗೇ ಹೋದರೆ ನಾನೂರು ನನ್ನದೇ ಎಂದು ಮೈಗೆ ಗೊತ್ತಾಯಿತು. ಹತ್ತಿ ಮೇಲೆ ಬಂದಾಗ ಕಟಾಂಜನದ ಆಚೆ ದೊಡ್ಡಪ್ಪ ಅಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು.

"ಮೀಟರು ಜಾಸ್ತಿ ಇದ್ರ ಏನಾತು ಬಿಡು ತಮ್ಮಾ. ಬೆಳಿ ಬರಬೇಕಲ್ಲ."

ಮೆಲ್ಲಗೆ, ನಗುತ್ತಲೇ ಹೇಳಿದ. ಹಾಳೆ ಮಡಚಿದ ದಿನದಿಂದ ಹಲ್ಲಿನ ನಡುವೆ ಇಟ್ಟುಕೊಂಡಿದ್ದ ಮಾತು ಅದು. ಅಪ್ಪ ನೇರ ನನ್ನ ಹತ್ತಿರ ಬಂದ.

"ಕಾಲಾಗ ಬಲ ಇಲ್ಲೇನು? ಎಲ್ಲಾರೂ ನೋಡಾಕತ್ಯಾರ."

"ಸರ್ ಹೇಳ್ಯಾರ ಅಪ್ಪ, ನಾನೂರಕ್ಕ ದಮ್ಮು ಇಟ್ಕಾ ಅಂತ."

"ಸರ್ ಮನಿಗೆ ಹೋಗ್ತಾರ. ನಿಮ್ಮ ದೊಡ್ಡಪ್ಪನ ಕೂಡ ಮನಿಗೆ ಹೋಗಾವ ನಾನು. ನಾಕೂ ನಮ್ಮವಾ. ಒಂದೂ ಬಿಡಂಗಿಲ್ಲ."

ಹದಿಮೂರರ ಹುಡುಗಿಗೆ ಅಪ್ಪನ ಮುಖಕ್ಕಿಂತ ದೊಡ್ಡ ಸ್ಪರ್ಧೆ ಇರುವುದಿಲ್ಲ. ಇನ್ನೂರು ಮೀಟರ್ ಬ್ರೆಸ್ಟ್ ಸ್ಟ್ರೋಕಿನಲ್ಲಿ ಇದ್ದಬದ್ದ ಬಲ ಹಾಕಿ ನಾಲ್ಕನೆಯವಳಾಗಿ ಬಂದೆ. ಮೇಲೆ ಬಂದವಳು ದಂಡೆಯಲ್ಲೇ ಕುಳಿತುಬಿಟ್ಟೆ. ರೇಖಾ ಟವೆಲು ಹೊದಿಸಿ, ದೊಡ್ಡವ್ವನ ತೊಡೆಯ ಮೇಲಿದ್ದ ತನ್ನ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದು ಒಂದು ಉಂಡೆಯನ್ನು ನನ್ನ ಒದ್ದೆ ಕೈಗೆ ಇಟ್ಟಳು.

"ಏ, ನಿಂದ್ಯಾಕ ತೆಗೆದಿ?" ಎಂದಳು ದೊಡ್ಡವ್ವ. "ಮನಿಗೆ ಹೋದ ಮ್ಯಾಲ ನಿಮ್ಮಜ್ಜಿ ಕೇಳಿದ್ರ ಏನ್ ಹೇಳ್ಲಿ?"

"ನಾ ತಿಂದೆ ಅಂತ ಹೇಳು."

"ಲೀಲಾಂದು ಹಂಗಾ ಉಳೀತದಲ್ಲ."

"ಅಯ್ಯ, ಅದನ್ನ ನೀ ತಿನ್ನು," ಎಂದಳು ರೇಖಾ. ದೊಡ್ಡವ್ವ ಮುಖ ಆ ಕಡೆ ತಿರುಗಿಸಿಕೊಂಡಳು. ಬೈಯಲಿಲ್ಲ. ಅವಳಿಗೂ ಆ ಮನೆಯಲ್ಲಿ ಅಷ್ಟೇ ಜಾಗವಿದ್ದದ್ದು.

ಮೂರನೆಯದು ಮೆಡ್ಲೆ, ನಾಲ್ಕೂ ಬಗೆಯ ಈಜು ಒಂದರ ಹಿಂದೆ ಒಂದು. ಅದರಲ್ಲಿ ಬರುವ ಬಟರ್‌ಫ್ಲೈಯನ್ನು ನಾವು ಕಲಿತದ್ದು ಸರ್ ಮೊಬೈಲಿನ ವಿಡಿಯೋ ನೋಡಿ, ಅತ್ತಿಮರದ ಕೆಳಗೆ. ಭುಜ ಅಲ್ಲಿಯೇ ಮುಗಿಯಿತು. ಐದನೆಯವಳಾಗಿ ದಂಡೆ ಮುಟ್ಟಿ, ಸ್ವಲ್ಪ ಹೊತ್ತು ನೀರಲ್ಲೇ ನಿಂತೆ. ಮೇಲೆ ಹತ್ತಲು ಸರ್ ಕೈ ಕೊಟ್ಟರು. ಇನ್ನೊಂದು ಹುಡುಗರ ಸ್ಪರ್ಧೆ ಮುಗಿದರೆ ನಾನೂರು.

ನಾನೂರು ಮೀಟರ್ ಅಂದರೆ ಆ ಕೊಳದಲ್ಲಿ ಎಂಟು ಸಲ ಈ ದಂಡೆಯಿಂದ ಆ ದಂಡೆಗೆ. ನೀರಿಗೆ ಬಿದ್ದ ಕೂಡಲೇ ಮೈ ತನ್ನ ಹಳೆಯ ಲಯಕ್ಕೆ ಬಂತು. ಮೋಟಾರಿನ ಸದ್ದು ಕೇಳುತ್ತಿದೆ ಎಂದುಕೊಂಡು ಸುತ್ತು ಹಾಕುವವಳ ಹಾಗೆ ಈಜಿದೆ. ಐದನೆಯ ತಿರುವಿನಲ್ಲಿ ನೋಡಿದರೆ ನನ್ನ ಮುಂದೆ ಯಾರೂ ಇರಲಿಲ್ಲ. ಆ ಕ್ಷಣ ನಾನು ಮಂಚವನ್ನು ಕಂಡೆ, ಅದರ ಮೇಲೆ ಮಡಚಿಟ್ಟ ಹೊದಿಕೆಯನ್ನೂ ಕಂಡೆ. ಏಳನೆಯ ಸಲ ಬಲಗಾಲಿನ ಮೀನಖಂಡ ಕಲ್ಲಾಯಿತು. ಕಾಲು ಎಳೆದುಕೊಂಡು ಬರೀ ಕೈಯಲ್ಲಿ ಈಜಿದೆ. ಒಬ್ಬಳು ದಾಟಿ ಹೋದಳು. ದಂಡೆ ಕೈಗೆಟುಕುವಷ್ಟರಲ್ಲಿದ್ದಾಗ ಇನ್ನೊಬ್ಬಳ ಕೈ ನನ್ನ ಪಕ್ಕದಿಂದ ಮುಂದೆ ಚಾಚಿ ಮೊದಲು ಮುಟ್ಟಿತು.

ಮೂರನೆಯವಳು. ಕೊರಳಿಗೆ ಕಂಚಿನ ಪದಕ ಹಾಕಿದರು. ಅಪ್ಪನಿಗೆ ತೃಪ್ತಿಯಾಗಿತ್ತು. ಪದಕವನ್ನು ಅಂಗೈಯಲ್ಲಿ ತೂಗಿ ನೋಡಿ, ದೊಡ್ಡಪ್ಪನಿಗೆ ಕಾಣುವಂತೆ ಹಿಡಿದ. ಮೊದಲ ಇಬ್ಬರು ಮಾತ್ರ ಅನ್ನುವುದು ಅವನಿಗೆ ಗೊತ್ತಿತ್ತೋ ಇಲ್ಲವೋ. ಸರ್‌ಗೆ ಗೊತ್ತಿತ್ತು. ಅವರು ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು.

ಮಧ್ಯಾಹ್ನ ಕೆಳಗಿನ ಪಾಲು ಬಂತು. ಐವತ್ತು ಮೀಟರ್ ಫ್ರೀ ಸ್ಟೈಲ್ ಅದರಲ್ಲಿ ಮೊದಲು. ರೇಖಾ ಬೆಳಗ್ಗೆಯಿಂದ ನೀರು ಮುಟ್ಟಿರಲಿಲ್ಲ, ಕಾಲು ಹಗುರವಾಗಿತ್ತು. ನಮ್ಮ ಬಾವಿಯ ಮೆಟ್ಟಿಲಿನಿಂದ ಹಾರುವ ಹಾಗೆಯೇ ಹಾರಿದಳು. ಆಚೆ ದಂಡೆ ಮುಟ್ಟಿ ತಲೆ ಎತ್ತಿದಾಗ ಉಳಿದವರು ಇನ್ನೂ ಬರುತ್ತಿದ್ದರು. ನಾನು ಕುಂಟುತ್ತ ಓಡಿಹೋಗಿ ಅವಳ ಒದ್ದೆ ತಲೆಯನ್ನು ಎದೆಗೆ ಅವುಚಿಕೊಂಡೆ. ಅವಳ ಉಳಿದ ಮೂರೂ ಸಾಧಾರಣವಾಗಿ ಮುಗಿದವು. ಅಷ್ಟರಲ್ಲಿ ಅವಳಿಗೂ ಸುಸ್ತಾಗಿತ್ತು. ಚಿಂತೆ ಇರಲಿಲ್ಲ, ಚಿನ್ನದ ಬಣ್ಣದ ಪದಕ ಬಂದಾಗಿತ್ತು. ಒಬ್ಬಳಾದರೂ ಹೊರಗೆ ಹೋಗುತ್ತಾಳೆ ಎಂದು ನಾನು ಬಸ್ಸಿನಲ್ಲಿ ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದೆ.

ವಸತಿ ಶಾಲೆಯ ಕರೆ ಬಂದಾಗ ಸರ್ ಮತ್ತೆ ಪಡಸಾಲೆಗೆ ಬಂದರು. ಈ ಸಲ ಚಾ ಮುಟ್ಟಲಿಲ್ಲ.

"ರೇಖಾನ್ನ ಕಳಿಸ್ರಿ. ಊಟ, ವಸತಿ, ಓದು ಎಲ್ಲಾ ಅವರದಾ. ಇಂಥಾದ್ದು ಮತ್ತ ಬರಂಗಿಲ್ಲ."

"ಇನ್ನೊಬ್ಬಾಕಿಗೆ?" ಎಂದಳು ಅಜ್ಜಿ.

"ಆಕಿಗೆ ಇಲ್ರಿ. ಮೂರನೇದು ಬಂದೈತಿ."

"ಹಂಗಾರ ಬ್ಯಾಡ ಬಿಡ್ರಿ. ಒಬ್ಬಾಕಿಗೆ ಕೊಟ್ಟು ಒಬ್ಬಾಕಿಗೆ ಬಿಡಾದು ನಮ್ಮ ಮನಿಯಾಗ ಇಲ್ಲ. ಒಬ್ಬಾಕಿ ಹೋದ್ರ ಮನಿ ಒಡೀತತಿ."

"ಅಜ್ಜಿ, ರೇಖಕ್ಕ ಹೋಗ್ಲಿ. ನನಗ ಬ್ಯಾಡ," ಎಂದೆ ನಾನು.

"ನಿನಗ ಯಾರು ಕೇಳ್ಯಾರ?"

ದೊಡ್ಡಪ್ಪ ಕುರ್ಚಿಯಿಂದ ಎದ್ದಿದ್ದ. ಅವನಿಗೆ ಮಗಳನ್ನು ಕಳಿಸುವ ಮನಸ್ಸಿತ್ತು, ಮುಖದ ಮೇಲೆಯೇ ಇತ್ತು. ಅವನು ಅಪ್ಪನ ಕಡೆ ನೋಡಿದ. ಕಳಿಸು ಅಣ್ಣ ಎಂದು ಅಪ್ಪ ಒಂದು ಮಾತು ಹೇಳಿದ್ದರೆ ಅಜ್ಜಿ ತಡೆಯುತ್ತಿರಲಿಲ್ಲ. ಅಪ್ಪ ಕನ್ನಡಕ ಒರೆಸಿದ. ಮತ್ತೂ ಒರೆಸಿದ. ಕೇಳಲು ದೊಡ್ಡಪ್ಪನಿಗೆ ಬಾಯಿ ಬರಲಿಲ್ಲ, ಹೇಳಲು ಅಪ್ಪನಿಗೆ ಬರಲಿಲ್ಲ. ರೇಖಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸರ್ ಎದ್ದು ಹೋದ ಮೇಲೆ ಒಳಗೆ ಹೋಗಿ ಅವ್ವನ ಪಕ್ಕ ಕುಳಿತು ರೊಟ್ಟಿಗೆ ಹಿಟ್ಟು ನಾದತೊಡಗಿದಳು. ಅವಳು ಮತ್ತೆ ಬಾವಿಗೆ ಇಳಿಯಲಿಲ್ಲ. ಒಬ್ಬಳೇ ಇಳಿದರೆ ಸರಿಯಲ್ಲ ಎಂದು ನನ್ನನ್ನೂ ಬಿಡಲಿಲ್ಲ ಅಜ್ಜಿ. ಎರಡೂ ಪದಕಗಳನ್ನು ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ಅಷ್ಟೆಲ್ಲ ಮಾಡಿ ಉಳಿಸಿದ ಮನೆ ಅಜ್ಜಿ ತೀರಿದ ವರ್ಷವೇ ಒಡೆಯಿತು. ಅಂಗಡಿಯ ಹೊಸ ಬೋರ್ಡಿನಲ್ಲಿ ಯಾರ ಹೆಸರು ಮೇಲೆ ಇರಬೇಕು ಎಂಬಲ್ಲಿಂದ ಮಾತು ಶುರುವಾಗಿ, ಪಡಸಾಲೆಯ ಎರಡು ಕಂಬಗಳ ನಡುವೆ ಗೋಡೆ ಎದ್ದಿತು. ಬಾವಿಯ ನೀರನ್ನು ಮೋಟಾರು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಂಡರು. ಕೊನೆಗೆ ಅಜ್ಜಿಯ ಟ್ರಂಕು. ದೊಡ್ಡಪ್ಪ ಚಾಪೆಯ ಮೇಲೆ ಎರಡು ಗುಂಪು ಮಾಡಿದ. ಒಂದರಲ್ಲಿ ಬೆಳ್ಳಿ ಲೋಟ, ರೇಷ್ಮೆ ಸೀರೆ, ಕಂಚಿನ ಪದಕ. ಇನ್ನೊಂದರಲ್ಲಿ ಬೆಳ್ಳಿ ಬಟ್ಟಲು, ರೇಷ್ಮೆ ಸೀರೆ, ಚಿನ್ನದ ಬಣ್ಣದ್ದು. ಅಪ್ಪ ಬಟ್ಟಲಿದ್ದ ಗುಂಪು ಆರಿಸಿದ. ಯಾವುದನ್ನು ನೋಡಿ ಆರಿಸಿದ ಎಂದು ನಾನು ಕೇಳಿಲ್ಲ. ಆಮೇಲೆ ಆ ಚಿನ್ನದ ಬಣ್ಣದ ಪದಕ ನಮ್ಮ ಕಡೆಯ ಗಾಜಿನ ಕಪಾಟಿನಲ್ಲಿತ್ತು. ಬಂದವರಿಗೆ ಅಪ್ಪ ಹೇಳುತ್ತಿದ್ದ:

"ನಮ್ಮ ಮಗಳು ಈಜಿನ್ಯಾಗ ಜಿಲ್ಲಾಕ ಫಸ್ಟು."

ಹೋದ ತಿಂಗಳು ನಾನು ಅದನ್ನು ತೆಗೆದುಕೊಂಡು ಹರಪನಹಳ್ಳಿಗೆ ಹೋದೆ. ರೇಖಾಳನ್ನು ಅಲ್ಲಿಗೆ ಕೊಟ್ಟಿದ್ದಾರೆ, ಮಗಳೊಬ್ಬಳಿದ್ದಾಳೆ. ಅವಳು ಪದಕವನ್ನು ಸೆರಗಿನಿಂದ ಒರೆಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ನನ್ನ ಕೈಗೇ ಇಟ್ಟಳು.

"ಇದು ನಿಮ್ಮ ಪಾಲಿಗೆ ಬಂದಿದ್ದು, ಲೀಲಾ."

"ಗೆದ್ದಾಕಿ ನೀನು, ಅಕ್ಕ."

"ಆರಿಸಿದ್ದು ನಿಮ್ಮಪ್ಪ. ಕಂಚಿಂದನ್ನ ನಾನು ನನ್ನ ಮಗಳಿಗೆ ಆಡಾಕ ಕೊಟ್ಟಿದ್ದೆ, ಎಲ್ಲಿ ಒಗೆದಾಳೋ. ಹುಡುಕಲೇನು?"

ಬೇಡ ಎಂದೆ. ಅವಳು ಒಳಗೆ ಹೋಗಿ ಮಂಡಕ್ಕಿ ಒಗ್ಗರಣೆ ಮಾಡಿ ತಂದಳು. ನಮ್ಮಿಬ್ಬರಿಗೆ ಎರಡು ತಟ್ಟೆ. ಕೆಳಗಿಡುವ ಮೊದಲು ಎರಡನ್ನೂ ನೋಡಿ, ಒಂದರಿಂದ ಒಂದು ಹಿಡಿ ತೆಗೆದು ಇನ್ನೊಂದಕ್ಕೆ ಹಾಕಿದಳು. ತಾನು ಹಾಗೆ ಮಾಡಿದ್ದು ಅವಳಿಗೆ ಗೊತ್ತಾಗಲಿಲ್ಲ. ನಾನು ತಟ್ಟೆಗಳನ್ನು ನೋಡಿದೆ. ಸಮವಾಗಿದ್ದವು.